ಮಾರ್ಕ್ಸ್‌ಕಾರ್ಡ್ ಕೇಳದ ಕಾರ್ಖಾನೆ

ತೋಟದ ಪಂಪ್‌ಸೆಟ್ ಮೇಲೆ, ವರ್ಕ್‌ಶಾಪಿನ ಹಳೇ ಲೇಥ್ ಮೇಲೆ ಕಿರ್ಲೋಸ್ಕರ್ ಅನ್ನೋ ಹೆಸರನ್ನ ನಮ್ಮಲ್ಲಿ ತುಂಬಾ ಜನ ನೋಡಿರ್ತೀವಿ. ಆ ಹೆಸರಿನ ಮನುಷ್ಯ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರು ಅಂತ ಎಷ್ಟು ಜನಕ್ಕೆ ಗೊತ್ತು?

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಗುರ್ಲಹೊಸೂರಿನಲ್ಲಿ. ಚಿತ್ರ ಬಿಡಿಸೋದು ಅಂದ್ರೆ ಅವರಿಗೆ ಪ್ರಾಣ. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಾಗಾಗಿ ಪೇಂಟಿಂಗ್ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತರು. ಫಸ್ಟ್ ಇಯರ್‌ನಲ್ಲಿ ನಮಗೆ ತಲೆನೋವಾಗಿದ್ದ ಸಬ್ಜೆಕ್ಟೇ ಅವರಿಗೆ ದಾರಿ ಆಯ್ತು! ಮುಂಬೈನ ವಿಜೆಟಿಐನಲ್ಲಿ ಮೇಷ್ಟ್ರಾದರು. ಅಲ್ಲಿ ಅವರಿಗೆ ಸಿಗಬೇಕಿದ್ದ ಪ್ರಮೋಷನ್ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯ್ತು. ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾವ್ ಜೊತೆ ಸೈಕಲ್ ಅಂಗಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡೋಕೆ ಶುರು ಮಾಡಿದರು. ಕಬ್ಬಿಣ ತಾಗಿದ್ರೆ ಹೊಲಕ್ಕೆ ವಿಷ ಏರುತ್ತೆ ಅಂತ ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರೋಕೆ ಎರಡು ವರ್ಷ ಬೇಕಾಯ್ತು. ವ್ಯಾಪಾರ ಕುದುರುವ ಹೊತ್ತಿಗೆ, ಊರು ವಿಸ್ತರಿಸಬೇಕು ಅಂತ ಮುನ್ಸಿಪಾಲಿಟಿ ಕಾರ್ಖಾನೆಯ ಜಾಗ ಖಾಲಿ ಮಾಡಿಸಿತು.

ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಮೀನು ಕೊಟ್ಟರು, ಸಾಲವನ್ನೂ ಕೊಟ್ಟರು. 1910ರಲ್ಲಿ ಲಕ್ಷ್ಮಣರಾವ್ 25 ಕೆಲಸಗಾರರನ್ನೂ ಅವರ ಕುಟುಂಬಗಳನ್ನೂ ಕರ್ಕೊಂಡು ಅಲ್ಲಿಗೆ ಹೋದರು. ಅದು ಪಾಪಾಸುಕಳ್ಳಿ, ನಾಗರಹಾವು ತುಂಬಿದ್ದ ಬರಡು ನೆಲ. ಕಾರ್ಖಾನೆ ಜೊತೆಗೆ ಊರನ್ನೂ ಕಟ್ಟಬೇಕಿತ್ತು. ಆ ಊರೇ ಕಿರ್ಲೋಸ್ಕರ್‌ವಾಡಿ, ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಅಲ್ಲಿ ಅವರು ಕೆಲಸಕ್ಕೆ ಇಟ್ಟುಕೊಂಡವರನ್ನ ನೋಡಿ. ಶಾಲೆ ಅರ್ಧಕ್ಕೇ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಹೊಸ ಹೊಸದನ್ನ ಮಾಡುವ ಇಂಜಿನಿಯರ್ ಆದರು. ಓದಿನಲ್ಲಿ ಸೋತಿದ್ದ ಕೆ.ಕೆ. ಕುಲಕರ್ಣಿ ಮ್ಯಾನೇಜರ್ ಆದರು. ಜೈಲಿಗೆ ಹೋಗಿ ಬಂದಿದ್ದ ತುಕಾರಾಂ ರಾಮೋಶಿ, ಪಿರ್ಯಾ ಮಾಂಗ್ ಇಬ್ಬರೂ ಊರು ಕಾಯುವ ನಂಬಿಕಸ್ಥ ಕಾವಲುಗಾರರಾದರು. ಜೈಲು ಕಂಡವರ ಕೈಗೇ ಕಾವಲು ಕೊಡೋಕೆ ಎಷ್ಟು ಧೈರ್ಯ ಬೇಕು! ಆ ಊರಿನಲ್ಲಿ ಅಸ್ಪೃಶ್ಯತೆ ಆಚರಿಸೋ ಹಾಗೂ ಇರಲಿಲ್ಲ.

ಇದನ್ನ ದಾನ ಧರ್ಮ ಅಂತ ನಾವು ಅಂದುಕೊಂಡ್ರೆ ತಪ್ಪಾಗುತ್ತೆ. ಈ ಜನರನ್ನ ನಂಬಿಯೇ ಅವರು ಕಾರ್ಖಾನೆ ನಡೆಸಿದ್ದು, ನೇಗಿಲಿನ ಕಂಪನಿ ಪಂಪಿನವರೆಗೆ ಬೆಳೆದದ್ದು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾದವು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು.

ಮಾರ್ಕ್ಸ್ ಬೇಡವೇ ಬೇಡ ಅಂತ ಈ ಕಥೆ ಹೇಳಲ್ಲ. ಡ್ರಾಯಿಂಗ್ ಚೆನ್ನಾಗಿ ಕಲಿಯದೇ ಇದ್ದಿದ್ರೆ ಅವರಿಂದ ನೇಗಿಲು ಆಗ್ತಿರಲಿಲ್ಲ. ಆದರೆ ಕೆಲಸ ಬರುತ್ತಾ ಇಲ್ವಾ ಅಂತ ನೋಡದೆ ಬೇರೇನನ್ನೋ ನೋಡಿ ಬದಿಗೆ ಸರಿಸೋದು ಹೇಗಿರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮಗಾದದ್ದನ್ನ ಅವರು ಇನ್ನೊಬ್ಬರಿಗೆ ಮಾಡಲಿಲ್ಲ. ಇವತ್ತು ಪ್ಲೇಸ್‌ಮೆಂಟ್‌ನಲ್ಲಿ ಸಿಜಿಪಿಎ ಕಟ್‌ಆಫ್ ನೋಡಿ ನಾವೆಲ್ಲ ಬೈಕೋತೀವಿ. ನಾಳೆ ಮೇಜಿನ ಆ ಕಡೆ ನಾವೇ ಕೂತಾಗ, ಬ್ಯಾಕ್‌ಲಾಗ್ ಇರೋ ಒಳ್ಳೆ ಕೆಲಸಗಾರನನ್ನ ನಾವು ಒಳಗೆ ಬಿಟ್ಕೊಳ್ತೀವಾ? ಈಗಲೇ ಯೋಚನೆ ಮಾಡೋಣ.