ವಿಷಗಾಳಿಯ ಗುಟ್ಟು ತಿಳಿಸಿದ ಹಾಲ್ಡೇನ್

ಮಕ್ಕಳೇ, ನೀವು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗಿದ್ದೀರಾ? ಕೆ.ಜಿ.ಎಫ್. ಬಳಿ ದೊಡ್ಡ ದೊಡ್ಡ ಸೈನೈಡ್ ದಿಬ್ಬಗಳು ಕಾಣುತ್ತವೆ. ಅಲ್ಲಿನ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. 2001ರಲ್ಲಿ ಮುಚ್ಚುವವರೆಗೆ ಸಾವಿರಾರು ಕಾರ್ಮಿಕರು ಅಲ್ಲಿ ದುಡಿದರು.

ಗಣಿಯಲ್ಲಿ ಬಂಡೆ ಒಡೆಯಲು ಸಿಡಿಮದ್ದು ಸಿಡಿಸಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೂ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನ್ 1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದರು. ವೈದ್ಯಶಾಸ್ತ್ರ ಓದಿ, ಆಕ್ಸ್‌ಫರ್ಡಿನಲ್ಲಿ ಉಸಿರಾಟದ ಬಗ್ಗೆ ಸಂಶೋಧನೆ ನಡೆಸಿದರು. 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಸ್ಫೋಟದ ಹೊಡೆತವೇ ಕಾರಣವೆಂದು ನಿಮಗೂ ಅನಿಸಬಹುದು. ಹಾಲ್ಡೇನ್ ಶವಗಳನ್ನು ಪರೀಕ್ಷಿಸಿದರು. ಹೆಚ್ಚಿನವರನ್ನು ಕೊಂದದ್ದು ಸ್ಫೋಟದ ನಂತರ ಹರಡಿದ ಕಾರ್ಬನ್ ಮೊನಾಕ್ಸೈಡ್ ಎಂದು ತಿಳಿಯಿತು.

ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ. ಈ ವಿಷಾನಿಲವಾದರೋ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಜಾಗವೇ ಸಿಗದು. ರಕ್ತ ಮಾತ್ರ ಕೆಂಪಾಗಿಯೇ ಹೊಳೆಯುತ್ತದೆ!

ಇದನ್ನು ತಿಳಿಯಲು ಹಾಲ್ಡೇನ್ ತಾವೇ ಆ ಅನಿಲವನ್ನು ಅಳತೆ ಮಾಡಿ ಉಸಿರಾಡಿದರು. ಕಾಲು ತಡವರಿಸುವವರೆಗೂ ಪ್ರಯೋಗ ಮುಂದುವರಿಸಿ ಎಲ್ಲವನ್ನೂ ಬರೆದಿಟ್ಟರು. ನೀವು ಮಾತ್ರ ಇಂಥ ಸಾಹಸಕ್ಕೆ ಕೈ ಹಾಕಬೇಡಿ. ಚಿಕ್ಕ ಪ್ರಾಣಿಗಳಿಗೆ ಈ ವಿಷ ಬೇಗ ಏರುವುದನ್ನು ಕಂಡು, ಗಣಿಗೆ ಇಲಿ ಅಥವಾ ಪುಟ್ಟ ಹಕ್ಕಿಯನ್ನು ಒಯ್ಯಲು ಸಲಹೆ ಕೊಟ್ಟರು. ಹಕ್ಕಿ ತೂರಾಡಿದರೆ ಕಾರ್ಮಿಕರು ಹೊರಗೆ ಓಡಬೇಕು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು 1986ರವರೆಗೂ ಈ ಕೆಲಸ ಮಾಡಿದವು.

ಹಾಲ್ಡೇನ್ 1936ರಲ್ಲಿ ತೀರಿಕೊಂಡರು. ಅವರ ಮಗ, ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಮುಂದೆ ಭಾರತಕ್ಕೇ ಬಂದು ನೆಲೆಸಿದರು.

ಆಸ್ಪತ್ರೆಯ ದಾಖಲೆಗಳಲ್ಲಿ ಕಾಯಿಲೆಗಳಿಗೆ ಸಂಕೇತಗಳಿರುವುದು ನಿಮಗೆ ಗೊತ್ತೇ? ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ರೋಗಪಟ್ಟಿಯಲ್ಲಿ ಈ ವಿಷಬಾಧೆಯ ಸಂಕೇತ ಟಿ58. ವೈದ್ಯರ ಭಾಷೆ ಯಾವುದೇ ಇರಲಿ, ಸಂಕೇತ ಒಂದೇ. ಎಲ್ಲಿ, ಎಷ್ಟು ಜನರಿಗೆ ಹೀಗಾಯಿತೆಂದು ಇದರಿಂದ ಲೆಕ್ಕ ಸಿಗುತ್ತದೆ. ಆದರೆ ಕಾರಣವನ್ನು ಸರಿಯಾಗಿ ಗುರುತಿಸಿದರೆ ಮಾತ್ರ ಸಂಕೇತವೂ ಸರಿಯಾಗುತ್ತದೆ. ಹಾಲ್ಡೇನ್ ಕಲಿಸಿದ್ದು ಅದನ್ನೇ.

ಈ ವಿಷ ಗಣಿಯಲ್ಲಷ್ಟೇ ಇಲ್ಲ. ಚಳಿಯೆಂದು ಬಾಗಿಲು, ಕಿಟಕಿ ಮುಚ್ಚಿ ಕೋಣೆಯಲ್ಲಿ ಇದ್ದಿಲಿನ ಒಲೆ ಇಟ್ಟು ಮಲಗಿದರೆ ಅಲ್ಲೂ ತುಂಬುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬಂದರೆ ಕೂಡಲೇ ಎಲ್ಲರೂ ಹೊರಗಿನ ಗಾಳಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಈ ಮಾತನ್ನು ಇಂದೇ ಮನೆಯಲ್ಲಿ ಹೇಳುತ್ತೀರಲ್ಲವೇ?