ಹಮ್‌ದರ್ದ್ ಶಾಲೆಯ ಪಂಡಿತ ತಾರಾನಾಥರು

ಪಂಡಿತ ತಾರಾನಾಥರು 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ಹೈದರಾಬಾದಿನಲ್ಲಿ ವೈದ್ಯಶಿಕ್ಷಣ ಪಡೆದರು. ಆಗ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಗೆಲ್ಲ ನಿಜಾಮರ ಆಡಳಿತ. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಶಾಲೆಯಲ್ಲಿ ಉರ್ದು. 1920ರಲ್ಲಿ ಅವರು ರಾಯಚೂರಿನಲ್ಲಿ ಹಮ್‌ದರ್ದ್ ರಾಷ್ಟ್ರೀಯ ಶಾಲೆ ಕಟ್ಟಿದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು. ಮುಂದೆ ನಿಜಾಮ ಸರ್ಕಾರದ ಒತ್ತಡದಿಂದ ಊರು ಬಿಟ್ಟು, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ನಡೆಸಿದರು. 1942ರಲ್ಲಿ ತೀರಿಕೊಂಡರು, ಅವರು ಕಟ್ಟಿದ ಶಾಲೆ ಉಳಿಯಿತು.

ಮಸ್ಕಿಯಲ್ಲಿ ಪಾಠಾಭ್ಯಾಸದ ಮೂರನೆಯ ದಿನ, ವಿಜ್ಞಾನದ ಪ್ರಶ್ನೆಗೆ ಸುಮ್ಮನೆ ನಿಂತ ತಾಂಡಾದ ಹುಡುಗನನ್ನು ನಾನು ಗದರಿದ್ದೆ. ಅವನ ಮನೆಮಾತು ಲಂಬಾಣಿ ಎಂದು ಆಮೇಲೆ ತಿಳಿಯಿತು. ತಾರಾನಾಥರ ಶಾಲೆಯ ಹೆಸರು ನೆನಪಾಗಿ ನಾಚಿಕೆಯಾಯಿತು. ಮರುದಿನ ಬೇವಿನ ಎಲೆ ಹಿಡಿದು, ನಿಮ್ಮ ಮಾತಿನಲ್ಲಿ ಇದಕ್ಕೇನಂತಾರೆ ಎಂದು ಕೇಳಿದೆ. ಹೇಳಿದ. ಪಾಠ ಅಲ್ಲಿಂದ ಶುರುವಾಯಿತು.