ಕೊನೆಯ ಕೋವಿಯನ್ನೊಪ್ಪಿಸಿದವನು

ಆಯುಧವನ್ನು ರಣರಂಗದಲ್ಲಿ ಕಳೆದುಕೊಳ್ಳುವುದು ಒಂದು ಬಗೆ. ಹಸಿವಿಗೆ ಸೋತು, ಅನ್ಯರ ಮಾತನ್ನು ನಂಬಿ, ಕೈಯಾರೆ ಒಪ್ಪಿಸಿಬಿಡುವುದು ಇನ್ನೊಂದು ಬಗೆ. ಮೊದಲನೆಯದು ಪರಾಜಯ, ಎರಡನೆಯದು ತಲೆಮಾರುಗಳವರೆಗೆ ಕೊರೆಯುವ ವ್ಯಥೆ. 1857ರಲ್ಲಿ ಕಂಪೆನಿ ಸರಕಾರದ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಒಪ್ಪದೆ ಮಡಿದ ಹಲಗಲಿಯ ಬೇಡರ ಕಥೆಯನ್ನು ನಮ್ಮ ವಾಚಕರು ಬಲ್ಲರು. ಅದೇ ಪ್ರಶ್ನೆಯನ್ನು ಭೂಮಂಡಲದ ಆಚೆಯ ಮಗ್ಗುಲಲ್ಲಿ ಎದುರಿಸಿ, ಕಟ್ಟಕಡೆಗೆ ಆಯುಧವನ್ನು ಒಪ್ಪಿಸಿದ ಅಮೆರಿಕೆಯ ಮೂಲನಿವಾಸಿ ನಾಯಕ ಸಿಟಿಂಗ್ ಬುಲ್ಲನ ಚರಿತ್ರೆಯನ್ನು ಸಂಗ್ರಹವಾಗಿ ನಿವೇದಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

1831ರ ಸುಮಾರಿಗೆ, ಉತ್ತರ ಅಮೆರಿಕೆಯ ವಿಶಾಲವಾದ ಬಯಲುಸೀಮೆಯಲ್ಲಿ, ಲಕೋಟಾ ಜನಾಂಗದ ಹಂಕ್‌ಪಾಪಾ ಪಂಗಡದಲ್ಲಿ ಅವನು ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಶತ್ರುಪಂಗಡದೊಡನೆ ನಡೆದ ಕಾಳಗದಲ್ಲಿ ಧೈರ್ಯದಿಂದ ಮುನ್ನುಗ್ಗಿದುದಕ್ಕಾಗಿ ತಂದೆಯು ತನ್ನ ಹೆಸರನ್ನೇ ಮಗನಿಗೆ ಧಾರೆಯೆರೆದನು. ತತಾಂಕ ಇಯೊತಾಕೆಯೆಂಬ ಆ ಹೆಸರಿಗೆ ಕುಳಿತಿರುವ ಕಾಡುಗೂಳಿಯೆಂದರ್ಥ. ಬಿಳಿಯರ ಬಾಯಲ್ಲಿ ಅದೇ ಸಿಟಿಂಗ್ ಬುಲ್ ಆಯಿತು. ಬೈಸನ್ನೆಂಬ ಕಾಡುದನದ ಹಿಂಡುಗಳೇ ಆ ಜನರಿಗೆ ಅನ್ನ, ವಸ್ತ್ರ ಹಾಗೂ ಗುಡಾರ. ಕೋವಿಯನ್ನು ತಯಾರಿಸುವ ವಿದ್ಯೆ ಅವರಲ್ಲಿರಲಿಲ್ಲ. ಬೈಸನ್ನಿನ ತೊಗಲನ್ನು ವರ್ತಕರಿಗೆ ಕೊಟ್ಟು ಕೋವಿಯನ್ನೂ ಮದ್ದುಗುಂಡನ್ನೂ ಪಡೆಯುತ್ತಿದ್ದರು. ಬೈಸನ್ ಇದ್ದರೆ ಕೋವಿ. ಕೋವಿ ಇದ್ದರೆ ನೆಲ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದುದೆಲ್ಲವೂ ಕುಸಿಯುವಂತಿತ್ತು.

1868ರ ಒಡಂಬಡಿಕೆಯಲ್ಲಿ ಅಮೆರಿಕಾ ಸರಕಾರವು ಬ್ಲ್ಯಾಕ್ ಹಿಲ್ಸ್ ಎಂಬ ಗಿರಿಪ್ರದೇಶವನ್ನು ಲಕೋಟಾ ಜನರಿಗೆಂದು ಬಿಟ್ಟುಕೊಟ್ಟಿತು. ಸಿಟಿಂಗ್ ಬುಲ್ ಆ ಪತ್ರಕ್ಕೆ ಅಂಕಿತ ಹಾಕಲಿಲ್ಲ. 1874ರಲ್ಲಿ ಅಲ್ಲಿ ಚಿನ್ನವಿರುವುದು ಗೊತ್ತಾಯಿತು. ಒಡಂಬಡಿಕೆಯು ಕಾಗದದಲ್ಲಿಯೇ ಉಳಿಯಿತು. 1876ರ ಜನವರಿ 31ರೊಳಗೆ ಬಯಲಿನಲ್ಲಿ ಅಲೆಯುವವರೆಲ್ಲರೂ ಸರಕಾರದ ಠಾಣ್ಯಗಳಿಗೆ ಬಂದು ಸೇರತಕ್ಕದ್ದೆಂದು ಆಜ್ಞೆಯಾಯಿತು. ಅವನು ಹೋಗಲಿಲ್ಲ.

ಆ ವರ್ಷದ ಜೂನ್ ತಿಂಗಳಲ್ಲಿ ಅವನು ಸೂರ್ಯನೃತ್ಯದ ವ್ರತವನ್ನು ಕೈಗೊಂಡು, ತೋಳುಗಳ ಮಾಂಸವನ್ನು ಚೂರುಚೂರಾಗಿ ಕೊಯ್ಯಿಸಿಕೊಂಡು ಅರ್ಪಿಸಿದನು. ಸೈನಿಕರು ಮಿಡತೆಗಳಂತೆ ಬೀಳುವುದನ್ನು ದರ್ಶನದಲ್ಲಿ ಕಂಡನೆಂದೂ, ಬಿದ್ದವರ ಸೊತ್ತನ್ನು ಮುಟ್ಟಕೂಡದೆಂದು ತನ್ನವರಿಗೆ ಎಚ್ಚರಿಕೆಯಿತ್ತನೆಂದೂ ಅವನ ಜನರಲ್ಲಿ ಪ್ರತೀತಿಯಿದೆ. ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ದಡದಲ್ಲಿ ಕಸ್ಟರನೂ ಅವನೊಡನಿದ್ದ ಇನ್ನೂರಕ್ಕೂ ಹೆಚ್ಚು ಸೈನಿಕರೂ ಮಡಿದರು. ಸೈನಿಕರಲ್ಲಿದ್ದುದು ಒಂದೊಂದೇ ಗುಂಡು ಹಾಕಿ ಹಾರಿಸುವ ಕೋವಿ. ಮೂಲನಿವಾಸಿಗಳಲ್ಲಿ ಬಿಲ್ಲುಬಾಣಗಳ ಜೊತೆಗೆ ಸಾಲಾಗಿ ಹಲವು ಗುಂಡು ಹಾರಿಸಬಲ್ಲ ವಿಂಚೆಸ್ಟರ್ ಕೋವಿಗಳೂ ಇದ್ದವು. ಗೆದ್ದವರು ಬಿದ್ದವರ ಕೋವಿಗಳನ್ನೂ ಕುದುರೆಗಳನ್ನೂ ಕೊಂಡೊಯ್ದರು.

ಆ ಗೆಲುವೇ ಮುಳುವಾಯಿತು. ಶರತ್ಕಾಲದಲ್ಲಿ ಸರಕಾರದ ಠಾಣ್ಯಗಳಲ್ಲಿ ಶಾಂತರಾಗಿದ್ದವರ ಕೋವಿ ಕುದುರೆಗಳನ್ನು ಸೇನೆಯು ಕಿತ್ತುಕೊಂಡಿತು. 1877ರ ಫೆಬ್ರವರಿಯಲ್ಲಿ ಬ್ಲ್ಯಾಕ್ ಹಿಲ್ಸ್ ಪ್ರದೇಶವು ಶಾಸನದ ಮೂಲಕ ಸರಕಾರದ ಪಾಲಾಯಿತು. ಮೇ ತಿಂಗಳಲ್ಲಿ ಸಿಟಿಂಗ್ ಬುಲ್ ತನ್ನವರೊಡನೆ ಗಡಿ ದಾಟಿ ಕೆನಡಾವನ್ನು ಸೇರಿದನು. ಅದೇ ತಿಂಗಳು ಅವನ ಜೊತೆಗಾರನಾದ ಕ್ರೇಜಿ ಹಾರ್ಸ್ ಆಯುಧಗಳನ್ನು ಒಪ್ಪಿಸಿ ಶರಣಾದನು. ಸೆಪ್ಟೆಂಬರ್ 5ರಂದು ಸೇನೆಯ ಠಾಣ್ಯದಲ್ಲಿಯೇ ಸಂಗೀನಿನ ತಿವಿತಕ್ಕೆ ಬಲಿಯಾದನು. ಅಕ್ಟೋಬರಿನಲ್ಲಿ ಜನರಲ್ ಟೆರಿಯು ಕೆನಡಾದ ಫೋರ್ಟ್ ವಾಲ್ಷ್‌ಗೆ ಬಂದು, ಕೋವಿ ಕುದುರೆಗಳನ್ನು ಒಪ್ಪಿಸಿದರೆ ಕ್ಷಮೆಯುಂಟು, ಅವುಗಳನ್ನು ಮಾರಿ ಬಂದ ಹಣದಿಂದ ಹಸುಗಳನ್ನು ಕೊಡಿಸಲಾಗುವುದೆಂದು ತಿಳಿಸಿದನು. ಸಿಟಿಂಗ್ ಬುಲ್ ಈ ವ್ಯಾಪಾರವನ್ನು ತಿರಸ್ಕರಿಸಿದನು.

ಟೆರಿಗೆ ಸಾಧ್ಯವಾಗದುದನ್ನು ಹೊಟ್ಟೆಯು ಸಾಧಿಸಿತು. ಬೈಸನ್ ಹಿಂಡುಗಳು ನಾಲ್ಕು ವರ್ಷಗಳಲ್ಲಿ ಕರಗಿಹೋದವು. ಕೆನಡಾ ಸರಕಾರವು ನೆಲವನ್ನೂ ಕೊಡಲಿಲ್ಲ, ಪಡಿಯನ್ನೂ ಕೊಡಲಿಲ್ಲ. ತೊಗಲಿಲ್ಲದ ಮೇಲೆ ಮದ್ದುಗುಂಡೆಲ್ಲಿಯದು? ಅನುಚರರು ಗುಂಪುಗುಂಪಾಗಿ ಗಡಿ ದಾಟಿ ಶರಣಾದರು. ಉಳಿದವರಿಗೆ ಅನ್ನವಿಟ್ಟವನು ಲೆಗಾರೆ ಎಂಬ ವರ್ತಕನೊಬ್ಬನೇ. ಕಡೆಗೆ ಬಂಡಿಗಳನ್ನು ಹೂಡಿಸಿ ಅವರನ್ನು ಫೋರ್ಟ್ ಬ್ಯೂಫರ್ಡ್‌ಗೆ ತಲುಪಿಸಿದವನೂ ಅವನೇ. ಆಗ ಸಿಟಿಂಗ್ ಬುಲ್ಲನೊಡನೆ ಇದ್ದವರು ಇನ್ನೂರಕ್ಕಿಂತ ಕಡಿಮೆ. 1881ರ ಜುಲೈ 20ರಂದು ಅವನು ತನ್ನ ವಿಂಚೆಸ್ಟರ್ ಕೋವಿಯನ್ನು ಮೇಜರ್ ಬ್ರದರ್ಟನ್ನನಿಗೆ ತಾನೇ ಕೊಡಲಿಲ್ಲ; ಎಳೆಯ ಮಗ ಕ್ರೋಫುಟ್ಟನ ಕೈಯಿಂದ ಕೊಡಿಸಿದನು. ತನ್ನ ಜನಾಂಗದಲ್ಲಿ ಕೋವಿಯನ್ನು ಒಪ್ಪಿಸಿದ ಕಟ್ಟಕಡೆಯ ಮನುಷ್ಯನು ತಾನೆಂಬುದನ್ನು ಲೋಕವು ನೆನಪಿಡಬೇಕೆಂಬುದು ಅವನ ಕೋರಿಕೆಯಾಗಿತ್ತು. ಆ ಒಂದು ಕೋರಿಕೆಯಲ್ಲಿ ಅವನ ಅಭಿಮಾನವೂ ಸಂತಾಪವೂ ಎರಡೂ ಅಡಗಿವೆಯೆಂದು ನಮಗೆ ತೋರುತ್ತದೆ.

ಕೊಟ್ಟುದಕ್ಕೆ ಪ್ರತಿಯಾಗಿ ದೊರೆತುದೇನು? ತನ್ನ ಜನರ ನಡುವೆ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ಬಾಳುವೆನೆಂದು ನಂಬಿ ಬಂದವನನ್ನು ಫೋರ್ಟ್ ರ‍್ಯಾಂಡಲ್ಲಿನಲ್ಲಿ ಸುಮಾರು ಇಪ್ಪತ್ತು ತಿಂಗಳು ಸೆರೆಯಲ್ಲಿಟ್ಟರು. 1885ರಲ್ಲಿ ಬಫಲೊ ಬಿಲ್ ಎಂಬವನ ಪ್ರದರ್ಶನದಲ್ಲಿ, ವಾರಕ್ಕೆ 50 ಡಾಲರ್ ವೇತನಕ್ಕೆ, ನಾಲ್ಕು ತಿಂಗಳು ಅವನು ಬಿಳಿಯರ ನೋಟಕ್ಕೆ ನಿಂತನು. 1889ರಲ್ಲಿ ಅವನು ಎಷ್ಟು ವಿರೋಧಿಸಿದರೂ ಲಕೋಟಾ ಜನರ ಮೀಸಲು ನೆಲದಲ್ಲಿ ಸುಮಾರು 90 ಲಕ್ಷ ಎಕರೆ ಕೈಬಿಟ್ಟಿತು. ಮರುವರ್ಷ, ಸತ್ತ ಹಿರಿಯರೂ ಬೈಸನ್ನುಗಳೂ ಮರಳಿ ಬರುವರೆಂಬ ನಂಬಿಕೆಯ ಹೊಸ ನೃತ್ಯವೊಂದು ಹಬ್ಬಲು ಅಧಿಕಾರಿಗಳು ಬೆದರಿದರು. 1890ರ ಡಿಸೆಂಬರ್ 15ರ ನಸುಕಿನಲ್ಲಿ ಅವನನ್ನು ಹಿಡಿಯಲು ಬಂದವರು ಸರಕಾರದ ಸಮವಸ್ತ್ರ ತೊಟ್ಟ ಅವನ ಜನಾಂಗದ ಪೋಲೀಸರೇ. ಆ ಗಲಭೆಯಲ್ಲಿ ಅವನೂ ಸತ್ತನು; ಅಂದು ಕೋವಿಯನ್ನೊಪ್ಪಿಸಿದ್ದ ಮಗನೂ ಸತ್ತನು; ಪೋಲೀಸರಲ್ಲಿ ಆರು ಮಂದಿ ಮಡಿದರು. ಹದಿನಾಲ್ಕು ದಿನಗಳ ತರುವಾಯ, ಡಿಸೆಂಬರ್ 29ರಂದು, ವೂಂಡೆಡ್ ನೀ ಎಂಬಲ್ಲಿ ಇನ್ನೊಂದು ಗುಂಪಿನ ಕೋವಿಗಳನ್ನು ಕಸಿದುಕೊಳ್ಳುತ್ತಿರುವಾಗಲೇ ಗುಂಡೊಂದು ಹಾರಿತು. ಸೇನೆಯ ತೋಪುಗಳ ಬಾಯಿಗೆ ಹೆಂಗಸರು ಮಕ್ಕಳೆನ್ನದೆ 250ಕ್ಕೂ ಹೆಚ್ಚು ಜನರು ಆಹುತಿಯಾದರು.

ಕೋವಿಯೇ ಸರ್ವಸ್ವವೆಂದು ನಾವು ಹೇಳುತ್ತಿಲ್ಲ. ತಾನು ತಯಾರಿಸಲಾರದ ಆಯುಧವನ್ನು ನೆಚ್ಚಿದ ಜನಾಂಗವು ಎಂದಾದರೊಂದು ದಿನ ಅದನ್ನು ಕೊಟ್ಟವರ ಕೈಗೇ ಮರಳಿಸಬೇಕಾಗುತ್ತದೆ. ಆಗ ಪ್ರತಿಯಾಗಿ ಸಿಕ್ಕುವುದು ಬರಿಯ ಮಾತು. ಮಾತನ್ನು ನಡೆಯಿಸಿಕೊಳ್ಳುವ ಬಲವು ಕೋವಿಯೊಡನೆಯೇ ಹೊರಟುಹೋಗಿರುತ್ತದೆ. ಈ ಪಾಠವನ್ನು ಲಕೋಟಾ ಜನರು ಮರೆತಿಲ್ಲ. 1980ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಬ್ಲ್ಯಾಕ್ ಹಿಲ್ಸ್ ಪ್ರದೇಶಕ್ಕೆ ಹತ್ತು ಕೋಟಿಗೂ ಮಿಕ್ಕಿದ ಡಾಲರುಗಳ ಪರಿಹಾರವನ್ನು ಎತ್ತಿಹಿಡಿಯಿತು. ಬಡತನದಲ್ಲಿ ಬೇಯುತ್ತಿದ್ದರೂ ಅವರು ಆ ಹಣವನ್ನು ಇಂದಿಗೂ ಮುಟ್ಟಿಲ್ಲ. ಅದನ್ನು ಸ್ವೀಕರಿಸಿದರೆ ನೆಲವನ್ನು ಮಾರಿದಂತಾಗುವುದೆಂಬುದು ಅವರ ನಿಲುವು. ಒಮ್ಮೆ ಕೈಯಾರೆ ಕೊಟ್ಟು ನೊಂದವರು ಎರಡನೆಯ ಸಲ ಕೊಡಲು ಒಪ್ಪಲಿಲ್ಲ.